ತಕ್ಕಡಿಯನ್ನೇರಿದ ಭಂಗಿ

ಬೈರಾಗಿಯ ಚಿಲುಮೆಯಿಂದಲೂ ಪೊಲೀಸರ ಪಂಚನಾಮೆಯಿಂದಲೂ ಮಾತ್ರವೇ ನಮಗೆ ಪರಿಚಿತವಾಗಿರುವ ಗಾಂಜಾ ಗಿಡವು ಆಧುನಿಕ ವೈದ್ಯನ ತಕ್ಕಡಿಯನ್ನೇರಿದ ಕಥೆಗೆ ನಮ್ಮ ಕಲ್ಕತ್ತೆಯೇ ರಂಗಸ್ಥಳವೆಂಬುದನ್ನು ಬಲ್ಲವರು ವಿರಳ. ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಐರ್ಲೆಂಡಿನ ವೈದ್ಯ ವಿಲಿಯಂ ಓಶಾನೆಸಿ (ಮುಂದೆ ಈ ದೇಶದಲ್ಲಿ ತಂತಿಯ ಸಂಪರ್ಕವನ್ನು ಹಬ್ಬಿಸಿದವನೂ ಈತನೇ) 1839ರಲ್ಲಿ ತನ್ನ ಪ್ರಯೋಗಗಳನ್ನು ಲೋಕದ ಮುಂದಿಟ್ಟನು. ಮೊದಲು ಪ್ರಾಣಿಗಳ ಮೇಲೆ ಪರೀಕ್ಷೆ: ಚರಸನ್ನು ತಿಂದ ನಾಯಿಯೊಂದು ಅರ್ಧ ಗಂಟೆಯೊಳಗೆ ತೂಕಡಿಸತೊಡಗಿ, ನಡುನಡುವೆ ಬೆಚ್ಚಿ ಎದ್ದು ಪರಮಸಂತುಷ್ಟನಂತೆ ಬಾಲವಾಡಿಸಿ, ಇಟ್ಟ ಆಹಾರವನ್ನು ಗಬಗಬನೆ ಮುಕ್ಕಿ, ಕರೆದರೆ ತೂರಾಡುತ್ತ ಬಂದು, ಆರು ಗಂಟೆಗಳಲ್ಲಿ ಎಂದಿನ ನಾಯಿಯಾಯಿತು. ಆ ಬಳಿಕವೇ ಮನುಷ್ಯರ ಸರದಿ. ರೂಢಿಯ ಔಷಧಗಳಾವುವೂ ಫಲಿಸದೆ ಸೆಳವಿನಿಂದ ನಲುಗುತ್ತಿದ್ದ 40 ದಿನಗಳ ಹಸುಳೆಯೊಂದಕ್ಕೆ ಗಾಂಜಾದ ಟಿಂಚರನ್ನು ತೊಟ್ಟುತೊಟ್ಟಾಗಿ ಕೊಟ್ಟು, ಪ್ರಮಾಣವನ್ನು ಏರಿಸುತ್ತ ಹೋಗಿ, ಕೊನೆಗೆ ಅದು ಚೇತರಿಸಿಕೊಂಡುದನ್ನು ಅವನು ದಾಖಲಿಸಿದ್ದಾನೆ.

ಒಂದೇ ಶಿಶುವಿನ ವೃತ್ತಾಂತವನ್ನು ಪ್ರಮಾಣವೆನ್ನಲಾಗದು, ನಿಜ. ಆದರೆ ಸ್ತುತಿಯೂ ನಿಂದೆಯೂ ಇಲ್ಲದೆ ತೊಟ್ಟನ್ನೆಣಿಸಿ ಕೊಡುವ ಆ ಬುದ್ಧಿಯು ಮುಂದೆ ಬಹುಕಾಲ ಮಸಳಿಹೋಯಿತೆಂಬುದೇ ನನ್ನ ವ್ಯಥೆ. ಗಿಡದಲ್ಲಿ ಅಮಲೇರಿಸುವ ಟಿಎಚ್‌ಸಿ ಬೇರೆ, ಅಮಲೇರಿಸದ ಕ್ಯಾನಬಿಡಿಯಾಲ್ ಬೇರೆ ಎಂಬುದನ್ನು ಇಸ್ರೇಲಿನ ರಾಫೆಲ್ ಮೆಶುಲಾಮ್ ಮೊದಲಾದವರು 1960ರ ದಶಕದಲ್ಲಿ ಬಿಡಿಸಿ ತೋರಿದರು. 1980ರಲ್ಲಿ ಪ್ರಕಟವಾದ ಬ್ರೆಜಿಲ್ಲಿನ ಪ್ರಯೋಗವೊಂದರಲ್ಲಿ ಕ್ಯಾನಬಿಡಿಯಾಲನ್ನು ಸೇವಿಸಿದ 8 ಅಪಸ್ಮಾರಿಗಳ ಪೈಕಿ ನಾಲ್ವರು ಸೆಳವಿನಿಂದ ಬಹುಮಟ್ಟಿಗೆ ಪಾರಾದರು. ಆದರೂ, ಶೈಶವದಲ್ಲೇ ತಲೆದೋರಿ ಹಲವು ಔಷಧಗಳಿಗೆ ಬಗ್ಗದ ಡ್ರಾವೆ ಎಂಬ ಉಗ್ರ ಅಪಸ್ಮಾರದಲ್ಲಿ ಇದರ ಬೆಲೆಯನ್ನು ಸರಿಯಾಗಿ ತೂಗಿ ನೋಡಿದ ಪರೀಕ್ಷೆ ಪ್ರಕಟವಾಗಲು 2017 ಬರಬೇಕಾಯಿತು: ಔಷಧ ಪಡೆದ ಮಕ್ಕಳ ಗುಂಪಿನಲ್ಲಿ ತಿಂಗಳ ಸೆಳವುಗಳ ಮಧ್ಯಾಂಕ 12.4ರಿಂದ 5.9ಕ್ಕಿಳಿಯಿತು, ಬರಿಯ ಹುಸಿಮದ್ದು ಪಡೆದವರಲ್ಲಿ 14.9 ಇದ್ದುದು 14.1 ಆಯಿತು, ಅಷ್ಟೆ. ಮರುವರ್ಷ ಅಮೆರಿಕೆಯು ಎಪಿಡಿಯೊಲೆಕ್ಸ್ ಎಂಬ ಹೆಸರಿನ ಈ ದ್ರವೌಷಧಕ್ಕೆ ಸಮ್ಮತಿಯಿತ್ತಿತು.

ಇದು ಸಂಜೀವಿನಿಯಲ್ಲ. ತೂಕಡಿಕೆ, ಭೇದಿ, ವಾಂತಿಗಳು ಇದರ ಜತೆಗೆ ಬರಬಹುದು. ವಾಲ್‌ಪ್ರೊಯೇಟ್ ಎಂಬ ಅಪಸ್ಮಾರದ ಔಷಧವನ್ನೂ ಸೇವಿಸುವವರಲ್ಲಿ ಯಕೃತ್ತಿನ ಮೇಲೆ ಕಣ್ಣಿಟ್ಟಿರಬೇಕು. ಅಂಥದೇ ಇನ್ನೊಂದು ಔಷಧವಾದ ಕ್ಲೋಬಜಾಮ್ ಜತೆಗಿದ್ದರೆ ಅದರ ಮಂಪರು ಹೆಚ್ಚುತ್ತದೆ. ಹಾಗೆಂದು, ತಿಂಗಳಿಗೆ ಹನ್ನೆರಡು ಬಾರಿ ಮಗುವಿನ ಕೈಕಾಲು ಸೆಟೆಯುವುದನ್ನು ಕಂಡ ತಾಯಿಗೆ ಅದು ಆರಕ್ಕಿಳಿದುದು ಅಲ್ಪಲಾಭವೆಂದು ಹೇಳಲು ನನಗೆ ನಾಲಗೆಯೇಳದು.

ಮನೆಯಲ್ಲಿ ಮೂರ್ಛೆರೋಗಿಗಳಿರುವ ಓದುಗರಲ್ಲಿ ಒಂದು ಬಿನ್ನಹ: ಅಂಗಡಿಯ ಗಾಂಜಾ ಎಣ್ಣೆಯನ್ನು ನಂಬಿ, ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬೇಡಿರಿ, ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಸೆಳವು ಮೊದಲಿಗಿಂತಲೂ ಉಗ್ರವಾಗಿ ಮರುಕಳಿಸಬಹುದು.