ಮಾತ್ರೆ ಪುಕ್ಕಟೆ, ಮುದ್ದೆ?



ನಮ್ಮ ಕೇರಿಯಲ್ಲಿ ಯಾರಿಗಾದರೂ ಕ್ಷಯ ಬಂದರೆ ಸರ್ಕಾರಿ ಆಸ್ಪತ್ರೆ ಪುಕ್ಕಟೆ ಮಾತ್ರೆ ಕೊಡುತ್ತದೆ. ಆರು ತಿಂಗಳು ಬಿಡದೆ ನುಂಗು ಅನ್ನುತ್ತದೆ. ಸರಿ. ಆದರೆ ಹಸಿದ ಹೊಟ್ಟೆಗೆ ಬಿದ್ದ ಮಾತ್ರೆ ಕರುಳು ತೊಳಸುತ್ತೆ. ಕೂಲಿ ಬಿಟ್ಟು ಮಲಗಿದರೆ ಒಲೆ ಉರಿಯಲ್ಲ. ನಡುವೆ ಮಾತ್ರೆ ಬಿಟ್ಟವನನ್ನು 'ತಿಳುವಳಿಕೆ ಇಲ್ಲದ ಜನ' ಅಂತ ಬಯ್ಯುವವರೇ, ಆರು ಜನ ಮಲಗುವ ಅವನ ಒಂದೇ ಕೋಣೆಗೆ ಕಿಟಕಿ ಇದೆಯಾ, ನೋಡಿದ್ದೀರಾ?

ಜಾರ್ಖಂಡದಲ್ಲಿ ಕ್ಷಯರೋಗಿಗಳ ಮನೆಯವರಿಗೂ ಅಕ್ಕಿ, ಬೇಳೆ ಕೊಟ್ಟು ನೋಡಿದರು. 2023ರಲ್ಲಿ ಫಲಿತಾಂಶ ಬಂತು: ಕೊಡದ ಮನೆಗಳಿಗಿಂತ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದದ್ದು ಶೇಕಡಾ 39ರಷ್ಟು ಕಡಿಮೆ. ಅಂದರೆ ಅನ್ನವೂ ಔಷಧಿಯೇ.

ರೋಗಿಯ ಆಹಾರಕ್ಕೆ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು ಸರ್ಕಾರ 2024ರ ನವೆಂಬರಿನಿಂದ 1000 ಮಾಡಿದೆ. ದಿನಕ್ಕೆ 33 ರೂಪಾಯಿ. ಮಕ್ಕಳು ನೋಡುತ್ತಾ ಕೂತಿರುವಾಗ ಯಾವ ತಾಯಿ ಒಬ್ಬಳೇ ಮೊಟ್ಟೆ ತಿಂದಾಳು?

ಮಾತ್ರೆಯ ಜೊತೆ ಇಡೀ ಮನೆಗೆ ರೇಷನ್ ಕೊಡಿ, ಹೋದ ಕೂಲಿ ಕಟ್ಟಿಕೊಡಿ, ಗಾಳಿ ಬೆಳಕಿನ ಮನೆ ಕೊಡಿ. ನಾವು ಕೇಳುತ್ತಿರುವುದು ಭಿಕ್ಷೆಯಲ್ಲ, ಚಿಕಿತ್ಸೆ.

ಗೆಳೆಯರೇ, ಮುಂದಿನ ಸಭೆಗೆ ಬರುವಾಗ ನಿಮ್ಮ ಕೇರಿಯಲ್ಲಿ ಮಾತ್ರೆ ನುಂಗುತ್ತಿರುವವರೆಷ್ಟು, ಹಣ ಕೈಸೇರಿದ್ದು ಎಷ್ಟು ಜನಕ್ಕೆ, ಎಣಿಸಿಕೊಂಡು ಬನ್ನಿ.