ಗೊಡ್ಡುಮರವೆಂಬ ತಪ್ಪು ಹೆಸರು

ಮರಗಸಿಯ ದಿನಗಳು ಬಂತೆಂದರೆ ಮಲೆನಾಡಿನ ತೋಟಗಳಲ್ಲಿ ಕೊಡಲಿಗೆ ಮೊದಲು ಗುರಿಯಾಗುವುದು ‘ಗೊಡ್ಡುಮರ’. ಕುಂದೂರು ಹೋಬಳಿಯ ಕಾಫಿತೋಟಗಳಿಂದ ಬಿಸಿಲೆಯ ಕಾಡಂಚಿನವರೆಗೆ ಈ ತೀರ್ಪಿಗೆ ತಲೆಯೊಡ್ಡುವ ಮರಗಳಲ್ಲಿ ಜಾಯಿಕಾಯಿ, ಉಪ್ಪಾಗೆಗಳು ಮುಖ್ಯವಾದವು. ವರ್ಷಗಟ್ಟಲೆ ಗೊಬ್ಬರ ನೀರು ಉಂಡು, ಹೂವನ್ನೂ ಬಿಟ್ಟು, ಒಂದು ಕಾಯಿಯನ್ನೂ ಕೊಡದ ಮರವನ್ನು ಏಕೆ ಉಳಿಸಬೇಕೆಂಬುದು ಬೆಳೆಗಾರರ ಪ್ರಶ್ನೆ. ಪ್ರಶ್ನೆ ಸಹಜವಾದುದೇ. ಆದರೆ ಆ ಮರಗಳಲ್ಲಿ ಬಹಳಷ್ಟು ಗೊಡ್ಡಲ್ಲ, ಗಂಡು.

ಸಸ್ಯಗಳಲ್ಲಿ ಗಂಡು ಹೆಣ್ಣಿನ ವ್ಯವಸ್ಥೆ ಒಂದೇ ಬಗೆಯದಲ್ಲ. ಕಾಫಿ, ಏಲಕ್ಕಿಗಳ ಒಂದೇ ಹೂವಿನಲ್ಲಿ ಪರಾಗ ಕೊಡುವ ಕೇಸರವೂ ಅದನ್ನು ಸ್ವೀಕರಿಸುವ ಶಲಾಕೆಯೂ ಇರುತ್ತವೆ. ಕುಂಬಳದಲ್ಲಿ, ಹಲಸಿನಲ್ಲಿ ಗಂಡುಹೂವು ಹೆಣ್ಣುಹೂವುಗಳು ಬೇರೆಬೇರೆ, ಆದರೆ ಗಿಡ ಒಂದೇ. ಹಲಸಿನ ಗಂಡು ಮಿಡಿ ಕಪ್ಪಾಗಿ ಉದುರಿದರೆ ಯಾರೂ ಮರವನ್ನು ದೂರುವುದಿಲ್ಲ. ಮೂರನೆಯ ಬಗೆಯಲ್ಲಿ ಗಂಡುಗಿಡವೇ ಬೇರೆ, ಹೆಣ್ಣುಗಿಡವೇ ಬೇರೆ. ಜಾಯಿಕಾಯಿ, ಕಾಡಿನ ರಾಮಪತ್ರೆ, ಉಪ್ಪಾಗೆ, ಕಾಡುಮೆಣಸಿನ ಬಳ್ಳಿಗಳು ಸಾಮಾನ್ಯವಾಗಿ ಈ ಗುಂಪಿಗೆ ಸೇರುತ್ತವೆ. ಬೆಳೆಯಲು ಕಾನೂನಿನ ಅಡ್ಡಿಯಿರುವ ಗಾಂಜಾ ಗಿಡವೂ ಇದೇ ಬಗೆಯದು. ಅದರ ಪರಾಗವನ್ನು ಗಾಳಿ ಹೊತ್ತೊಯ್ಯುತ್ತದೆ.

ಸಸ್ಯಗಳಿಗೂ ಲಿಂಗವಿದೆಯೆಂಬುದನ್ನು ಪ್ರಯೋಗಗಳ ಆಧಾರದಿಂದ 1694ರಲ್ಲಿ ಪ್ರತಿಪಾದಿಸಿದವನು ಜರ್ಮನಿಯ ಟ್ಯೂಬಿಂಗೆನ್ ನಗರದ ರುಡಾಲ್ಫ್ ಕ್ಯಾಮರೇರಿಯಸ್. ಸಮೀಪದಲ್ಲಿ ಗಂಡುಮರವಿಲ್ಲದ ಹಿಪ್ಪುನೇರಳೆಯ ಹೆಣ್ಣುಮರ ಹಣ್ಣು ಬಿಟ್ಟರೂ ಅದರ ಬೀಜ ಜೊಳ್ಳಾಗಿದ್ದುದನ್ನು ಅವನು ಗಮನಿಸಿದ್ದನು.

ಜಾಯಿಕಾಯಿಯ ಬೀಜದಿಂದ ಎದ್ದ ಸಸಿಗಳಲ್ಲಿ ಸುಮಾರು ಅರ್ಧದಷ್ಟು ಗಂಡಾಗುತ್ತವೆ. ಆರೇಳು ವರ್ಷ ಕಳೆದು ಹೂ ಬಿಡುವವರೆಗೆ ಕಣ್ಣಿಗೆ ವ್ಯತ್ಯಾಸ ತಿಳಿಯದು. ಗಂಡುಹೂವುಗಳು ಸಣಕಲಾಗಿ, ಸಾಮಾನ್ಯವಾಗಿ ಗೊಂಚಲಾಗಿ ಬರುತ್ತವೆ. ಹೆಣ್ಣುಹೂವುಗಳು ತುಸು ದಪ್ಪ, ಹೆಚ್ಚಾಗಿ ಒಂಟಿ. ಹೂವನ್ನು ಉದ್ದಕ್ಕೆ ಸೀಳಿದರೆ ಸಂಶಯ ಉಳಿಯದು. ಗಂಡಿನಲ್ಲಿ ಕೇಸರಗಳು ಕೂಡಿಕೊಂಡ ಕಂಬವಿರುತ್ತದೆ, ಹೆಣ್ಣಿನಲ್ಲಿ ಪುಟ್ಟ ಅಂಡಾಶಯ. ಕೆಲವು ಮರಗಳು ಎರಡೂ ಬಗೆಯ ಹೂ ಬಿಡುವುದುಂಟು. ಆದ್ದರಿಂದ ಒಂದೇ ವರ್ಷದ ಹೂ ನೋಡಿ ತೀರ್ಮಾನಿಸುವುದು ಸಲ್ಲದು.

ಇಲ್ಲಿ ಬೆಳೆಗಾರರು ಗಮನಿಸಬೇಕಾದ ಲೆಕ್ಕವೊಂದಿದೆ. ಗಂಡುಮರದ ಫಲ ಅದರ ಕೊಂಬೆಯಲ್ಲಿ ಕಾಣುವುದಿಲ್ಲ. ಪಕ್ಕದ ಮರದಲ್ಲಿ, ಒಮ್ಮೊಮ್ಮೆ ಬೇಲಿಯಾಚೆಯ ತೋಟದಲ್ಲಿ ಕಾಣುತ್ತದೆ. ಪ್ರತಿಯೊಬ್ಬನೂ ತನ್ನ ತೋಟದ ಗಂಡುಮರವನ್ನು ನಷ್ಟವೆಂದು ಬಗೆದು ಕಡಿದರೆ ಊರಿನ ಹೆಣ್ಣುಮರಗಳೆಲ್ಲ ಕಾಯಿಗಟ್ಟದೆ ನಿಲ್ಲುವ ದಿನ ದೂರವಿಲ್ಲ. ಆಗ ಗೊಡ್ಡೆಂಬ ಹೆಸರು ಅವುಗಳಿಗೂ ಅಂಟುತ್ತದೆ.

ಕಾಡಿನ ಮಟ್ಟಿಗೆ ಈ ಮಾತು ಇನ್ನೂ ಗಂಭೀರ. ರಾಮಪತ್ರೆಯ ಹಣ್ಣನ್ನು ತಿಂದು ಬೀಜವನ್ನು ದೂರಕ್ಕೊಯ್ಯುವುದು ಮಂಗಟ್ಟೆ ಹಕ್ಕಿ. ಹೂವಿನಿಂದ ಹೂವಿಗೆ ಪರಾಗ ಒಯ್ಯುವವು ಕಣ್ಣಿಗೆ ಬೀಳದಷ್ಟು ಸಣ್ಣ ಕೀಟಗಳು. ಗಂಡುಮರವಿಲ್ಲದಿದ್ದರೆ ಪರಾಗವಿಲ್ಲ; ಹೂಬಿಡುವ ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸಿದರೆ ಅದನ್ನು ಒಯ್ಯುವವರಿಲ್ಲ. ಎರಡರಲ್ಲಿ ಯಾವುದು ತಪ್ಪಿದರೂ ಹಕ್ಕಿಗೆ ಹಣ್ಣಿಲ್ಲ, ಕಾಡಿಗೆ ಸಸಿಯಿಲ್ಲ.

ಗಂಡು ಹೆಣ್ಣು ಒಂದೇ ಹೂವಿನಲ್ಲಿದ್ದರೂ ನೆರೆಯ ಹಂಗು ತಪ್ಪುವುದಿಲ್ಲ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೋಬಸ್ಟಾ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಅದಕ್ಕೆ ಬೇರೆ ಬಗೆಯ ಗಿಡದ ಪರಾಗ ಬೇಕು, ಅದನ್ನು ತರುವ ಗಾಳಿ ಬೇಕು, ಜೇನು ಬೇಕು. ಹೂಮಳೆಯ ನಂತರ ತೋಟ ಬೆಳ್ಳಗಾಗುವ ಆ ಕೆಲವೇ ದಿನಗಳಲ್ಲಿ ಹೆಜ್ಜೇನು, ತುಡುವೆಗಳು ಮಾಡುವ ದುಡಿಮೆಗೆ ಯಾರೂ ಕೂಲಿ ಕೊಡುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಕಾಯಿ ಬಿಡದ ಮರವನ್ನು ಕಡಿಯುವ ಮೊದಲು ಕನಿಷ್ಠ ಎರಡು ಮೂರು ಹೂಕಾಲ ಅದರ ಹೂವನ್ನು ಪರೀಕ್ಷಿಸಿ, ಕಾಂಡಕ್ಕೆ ಗುರುತು ಹಾಕುವುದು ಒಳ್ಳೆಯದು. ಹತ್ತು ಹೆಣ್ಣು ಜಾಯಿಕಾಯಿಗೆ ಒಂದು ಗಂಡು ಎಂಬುದು ರೂಢಿಯಲ್ಲಿರುವ ಶಿಫಾರಸು. ಆ ಗಂಡು ತೋಟದ ನಡುವೆ ಹಂಚಿಹೋಗಿರಬೇಕು. ಹೆಚ್ಚಾದ ಗಂಡುಮರಗಳನ್ನು ಬುಡಸಹಿತ ಕಡಿಯಬೇಕಾಗಿಲ್ಲ. ಮೇಲ್ಭಾಗ ಕತ್ತರಿಸಿ, ಒಳ್ಳೆಯ ಹೆಣ್ಣುಮರದ ಕುಡಿ ಕಸಿಮಾಡಿ ಪರಿವರ್ತಿಸಬಹುದು. ಹೊಸದಾಗಿ ಕಸಿಗಿಡ ನೆಡುವವರು ಹೆಣ್ಣನ್ನಷ್ಟೇ ಕೊಳ್ಳದೆ ಗಂಡಿನ ಕಸಿಯನ್ನೂ ಕೇಳಿ ಪಡೆಯಬೇಕು. ಕಾಡಂಚಿನ ಉಪ್ಪಾಗೆ, ರಾಮಪತ್ರೆಗಳನ್ನಂತೂ ಗಂಡು ಹೆಣ್ಣೆಂದು ಎಣಿಸದೆ ಬಿಟ್ಟುಬಿಡುವುದೇ ಲೇಸು.

ಶಾಲೆ ಕಾಲೇಜಿನ ವಿದ್ಯಾರ್ಥಿಗಳು ಈ ಕೆಲಸಕ್ಕೆ ನೆರವಾಗಬಲ್ಲರು. ಒಂದು ಬ್ಲೇಡು, ಒಂದು ಭೂತಗನ್ನಡಿ, ಒಂದು ಪುಸ್ತಕವಿದ್ದರೆ ಊರಿನ ಗಂಡುಮರಗಳ ಪಟ್ಟಿ ಸಿದ್ಧವಾಗುತ್ತದೆ. ಮುಂದಿನ ಮರಗಸಿಗೆ ಕತ್ತಿ ಮಸೆಯುವ ಮುನ್ನ ಆ ಪಟ್ಟಿ ತೋಟದ ಮನೆಯ ಗೋಡೆಯ ಮೇಲಿರಲಿ.