ಫಾರ್ಮ್ಯಾಟ್ ಮಾಡೋಕೆ ಮುಂಚೆ ಒಂದ್ಸಲ ಓದಿ ನೋಡೋಣ

ಮೂರನೇ ಸೆಮಿಸ್ಟರ್ ಶುರುವಾಗಿ ಎರಡು ವಾರಕ್ಕೆ ನಮ್ಮ ಬ್ಯಾಚಿನ ಸುಮಾರು ಎಲ್ಲರೂ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಸಿಕೊಂಡ್ವಿ. ಆಪರೇಟಿಂಗ್ ಸಿಸ್ಟಮ್ ಲ್ಯಾಬ್ ಇದೆಯಲ್ಲ, ಬೇಕೇ ಬೇಕು. ಶನಿವಾರ ಸೆಮಿನಾರ್ ಹಾಲ್‌ನಲ್ಲಿ ವರ್ಕ್‌ಶಾಪ್ ನಡೀತು. ನಾಲ್ಕೈದು ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ಓಡಾಡಿದವು, ಉಬುಂಟು ಇನ್‌ಸ್ಟಾಲ್ ಆಯ್ತು, ಗ್ರೂಪ್ ಫೋಟೋ ಕೂಡ ಆಯ್ತು. ಎಷ್ಟು ಜನಕ್ಕೆ ಹಾಕಿಕೊಟ್ವಿ ಅಂತ ಸಂಜೆಗೆ ಒಂದು ಪೋಸ್ಟ್ ಬಂತು. ರಾತ್ರಿ ಹಾಸ್ಟೆಲ್‌ಗೆ ಬಂದು ಪವರ್ ಬಟನ್ ಒತ್ತಿದ್ರೆ, ನಮ್ಮ ರೂಮಿನ ನಾಲ್ಕು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಸರಿಯಾಗಿ ಏಳಲೇ ಇಲ್ಲ.

ಒಂದು ಸೀದಾ ವಿಂಡೋಸ್‌ಗೆ ಹೋಗ್ತಿತ್ತು, ಉಬುಂಟು ಹಾಕಿದ ಗುರುತೇ ಇಲ್ಲ. ಇನ್ನೊಂದರಲ್ಲಿ ಮೆನು ಬರ್ತಿತ್ತು, ಉಬುಂಟು ಅಂತ ಎಂಟರ್ ಹೊಡೆದ್ರೆ ಪರದೆ ಪೂರ್ತಿ ಕಪ್ಪು. ಸೀನಿಯರ್ ಒಬ್ಬರಿಗೆ ಫೋನ್ ಮಾಡಿದ್ವಿ. ಅವರು ಊಟಕ್ಕೆ ಕೂತಿದ್ರು ಅನ್ಸುತ್ತೆ. "ಲೋ, ಅದೆಲ್ಲ ತಲೆ ಕೆಡಿಸ್ಕೋಬೇಡ್ರೋ. ಫಾರ್ಮ್ಯಾಟ್ ಮಾಡಿ ಇನ್ನೊಂದ್ಸಲ ಹಾಕಿ, ಇಪ್ಪತ್ತು ನಿಮಿಷದ ಕೆಲಸ" ಅಂದ್ರು. ನಾವೂ ಹಾಗೇ ಮಾಡಿದ್ವಿ. ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಪೂರ್ತಿ ಅಳಿಸೋ ಆಯ್ಕೆಯನ್ನ ಒತ್ತಿದ್ವಿ. ಅದು ಲಿನಕ್ಸ್ ಇದ್ದ ಜಾಗವನ್ನಷ್ಟೇ ಅಳಿಸುತ್ತೆ ಅಂದ್ಕೊಂಡಿದ್ವಿ. ಅಲ್ಲಿ ಬರೆದಿದ್ದನ್ನ ಪೂರ್ತಿ ಓದಿದ್ರೆ ಗೊತ್ತಾಗ್ತಿತ್ತು. ಓದಲಿಲ್ಲ.

ವಿಂಡೋಸ್ ಹೋಯ್ತು. ಅದರ ಜೊತೆಗೆ ರೂಮ್‌ಮೇಟ್‌ನ ಮಿನಿ ಪ್ರಾಜೆಕ್ಟ್ ರಿಪೋರ್ಟ್, ಪಿಯುಸಿ ದಿನಗಳ ಫೋಟೋ, ಅಕ್ಕನ ಮದುವೆಯ ವಿಡಿಯೋ ಎಲ್ಲ ಹೋಯ್ತು. ಬ್ಯಾಕಪ್ ಇರಲಿಲ್ಲ. ಇಷ್ಟೆಲ್ಲ ಕಳಕೊಂಡು ಮತ್ತೆ ಪವರ್ ಬಟನ್ ಒತ್ತಿದ್ರೆ ಅದೇ ಕಪ್ಪು ಪರದೆ! ಅವನು ಯಾರನ್ನೂ ಬೈಯಲಿಲ್ಲ, ಲ್ಯಾಪ್‌ಟಾಪ್ ಮುಚ್ಚಿಟ್ಟು ಮಲಗಿಬಿಟ್ಟ. ಬೈದಿದ್ರೇ ವಾಸಿ ಇತ್ತು ಅಂತ ಈಗಲೂ ನಮಗೆ ಅನ್ಸುತ್ತೆ.

ಅದಕ್ಕೇ ಈ ಲೇಖನ. ನಮ್ಮ ಕ್ಯಾಂಪಸ್‌ನಲ್ಲಿ ಲಿನಕ್ಸ್ ಏಳದೇ ಇದ್ರೆ ಫಾರ್ಮ್ಯಾಟ್ ಅನ್ನೋದು ಮೊದಲ ಮದ್ದಾಗಿಬಿಟ್ಟಿದೆ. ಅದು ರಿಪೇರಿನೇ ಅಲ್ಲ ಅನ್ನೋದು ನಮ್ಮ ಅಭಿಪ್ರಾಯ. ಏನಾಗಿದೆ ಅಂತ ನೋಡದೆ ಅಳಿಸಿಬಿಟ್ರೆ ತೊಂದರೆ ಅಲ್ಲೇ ಇರುತ್ತೆ, ಫೈಲುಗಳು ಮಾತ್ರ ಹೋಗ್ತವೆ.

ಆ ಕಪ್ಪು ಪರದೆಯ ಕಾರಣ ಆಮೇಲೆ ಗೊತ್ತಾಯ್ತು. ಗ್ರಾಫಿಕ್ಸ್ ಕಾರ್ಡಿಗೂ ಡ್ರೈವರ್‌ಗೂ ಹೊಂದಾಣಿಕೆ ಆಗಿರಲಿಲ್ಲ. ಇನ್‌ಸ್ಟಾಲ್ ಸರಿಯಾಗೇ ಆಗಿತ್ತು, ಚಿತ್ರ ಮಾತ್ರ ಬರ್ತಿರಲಿಲ್ಲ. ಹತ್ತು ಸಲ ಫಾರ್ಮ್ಯಾಟ್ ಮಾಡಿದ್ರೂ ಹತ್ತು ಸಲವೂ ಅದೇ ಕಪ್ಪು. ಮಾಡಬೇಕಿದ್ದಿದ್ದು ಇಷ್ಟೇ: ಗ್ರಬ್ ಮೆನುವಿನಲ್ಲಿ ಉಬುಂಟು ಮೇಲೆ ನಿಂತು 'ಇ' ಒತ್ತಿ, 'ಲಿನಕ್ಸ್' ಅಂತ ಶುರುವಾಗೋ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಅಂತ ಸೇರಿಸಿ, ಎಫ್ 10 ಒತ್ತೋದು. ಮೆನುನೇ ಕಾಣ್ತಿಲ್ಲ ಅಂದ್ರೆ ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಎಸ್ಕೇಪ್ ಕೀ. ಹೀಗೆ ಸೇರಿಸಿದ್ದು ಆ ಒಂದು ಸಲಕ್ಕೆ ಮಾತ್ರ. ಅಷ್ಟರಲ್ಲಿ ಒಳಗೆ ಹೋಗಿ ಸರಿಯಾದ ಡ್ರೈವರ್ ಹಾಕ್ಕೋಬೇಕು. ಸೆಕ್ಯೂರ್ ಬೂಟ್ ಆನ್ ಇದ್ರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತೆ, ರೀಸ್ಟಾರ್ಟ್ ಮಾಡಿದಾಗ ಒಂದು ನೀಲಿ ಪರದೆ ಬರುತ್ತೆ. ಅಲ್ಲಿ 'ಎನ್‌ರೋಲ್ ಮೋಕ್' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ನೀಲಿ ಪರದೆ ಕಂಡ್ರೆ ಭಯ ಅಲ್ವಾ, ನಾವು ಗಾಬರಿಯಲ್ಲಿ 'ಕಂಟಿನ್ಯೂ' ಒತ್ತಿದ್ವಿ. ಡ್ರೈವರ್ ಲೋಡ್ ಆಗಲಿಲ್ಲ. ಅಲ್ಲೂ ನಾವು ಓದಿರಲಿಲ್ಲ.

ವಿಂಡೋಸ್‌ಗೆ ಸೀದಾ ಹೋಗ್ತಿದ್ದ ಲ್ಯಾಪ್‌ಟಾಪಿನ ಕಥೆ ಇನ್ನೂ ಸಣ್ಣದು. ಬಯೋಸ್ ಸೆಟಿಂಗ್‌ನಲ್ಲಿ ಬೂಟ್ ಆರ್ಡರ್ ಅಂತ ಒಂದು ಪಟ್ಟಿ ಇರುತ್ತೆ. ಅದರಲ್ಲಿ ಉಬುಂಟು ಎರಡನೇದಾಗಿತ್ತು, ಮೇಲಕ್ಕೆ ತಂದ್ವಿ, ಮುಗೀತು.

ಈಗ ಎರಡನೇ ಘಟನೆ. ಸುಮಾರು ಒಂದು ತಿಂಗಳು ಆದಮೇಲೆ, ಲ್ಯಾಬ್ ಇಂಟರ್ನಲ್ಸ್‌ನ ಹಿಂದಿನ ರಾತ್ರಿ. ರೂಮಿನ ಮತ್ತೊಂದು ಲ್ಯಾಪ್‌ಟಾಪ್ ಆನ್ ಆಗುವಾಗ ಒಂದೂವರೆ ನಿಮಿಷ ಸುಮ್ಮನೆ ನಿಂತು, ಆಮೇಲೆ ಎಮರ್ಜೆನ್ಸಿ ಮೋಡ್ ಅಂತ ತೋರಿಸೋಕೆ ಶುರುವಾಯ್ತು. ಕಪ್ಪು ಪರದೆ ತುಂಬ ಬಿಳಿ ಅಕ್ಷರ. ನಾವು ಮೂರು ಜನ ಒಟ್ಟಿಗೆ ಹೇಳಿದ್ದು ಒಂದೇ ಮಾತು: "ಹೋಯ್ತು ಕಣೋ, ಫಾರ್ಮ್ಯಾಟ್!"

ಪಕ್ಕದ ರೂಮಿನಲ್ಲಿ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದ ಗೆಳೆಯ ಇದ್ದಾನೆ. ಕೊಪ್ಪಳದ ಕಡೆಯವನು, ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಕ್ಲಾಸಿನಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಉತ್ತರ ಹೇಳೋಕೆ ಹಿಂಜರೀತಾನೆ, ಆಗ ಹಿಂದಿನ ಬೆಂಚಿನಲ್ಲಿ ಕೆಲವರು ನಗೋದೂ ಉಂಟು. ಆ ಕೆಲವರಲ್ಲಿ ನಾವೂ ಇದ್ವಿ, ಅದನ್ನ ಮುಚ್ಚಿಡೋದು ಬೇಡ. ಅವನು ಚಾರ್ಜರ್ ಕೇಳೋಕೆ ಬಂದಿದ್ದ. ಪರದೆ ನೋಡಿ, "ತಡೀರಲೇ, ಏನ್ ಬರದೈತಿ ಓದೂಣು" ಅಂತ ಕೂತ.

ಒಂದೊಂದೇ ಸಾಲು, ಬೆರಳಿಟ್ಟು ಓದಿದ. ಗೊತ್ತಿಲ್ಲದ ಪದಕ್ಕೆ ಫೋನಿನಲ್ಲಿ ಅರ್ಥ ನೋಡಿದ. ನಮಗೆ ಸಹನೆನೇ ಇರಲಿಲ್ಲ. ಆಮೇಲೆ ಕೇಳಿದ: "ಇದು ಯಾವ್ದೋ ಒಂದು ಡಿಸ್ಕಿನ ಸಲುವಾಗಿ ಕಾಯಾಕತ್ತೈತಿ, ಅದು ಸಿಗವಲ್ದು ಅಂತೈತಿ. ಏನಾದ್ರೂ ತೆಗದೀರೇನು?"

ಆಗ ನೆನಪಾಯ್ತು. ಹಿಂದಿನ ವಾರ ಒಂದು ವಿಡಿಯೋ ನೋಡಿಕೊಂಡು, ಡಿ ಡ್ರೈವ್ ತಾನಾಗೇ ತೆರೆದುಕೊಳ್ಳಲಿ ಅಂತ 'ಎಫ್‌ಎಸ್‌ಟ್ಯಾಬ್' ಫೈಲಿಗೆ ಒಂದು ಸಾಲು ಸೇರಿಸಿದ್ವಿ. ಆ ಸಾಲಿನಲ್ಲಿ ಡ್ರೈವ್‌ನ ಯುಯುಐಡಿ, ಅಂದ್ರೆ ಅದರ ಗುರುತಿನ ಸಂಖ್ಯೆ ಇರುತ್ತೆ. ಅವತ್ತು ಮಧ್ಯಾಹ್ನ ವಿಂಡೋಸ್‌ಗೆ ಹೋಗಿ ಅದೇ ಡಿ ಡ್ರೈವ್ ಖಾಲಿ ಮಾಡಿ ಫಾರ್ಮ್ಯಾಟ್ ಮಾಡಿದ್ವಿ. ಫಾರ್ಮ್ಯಾಟ್ ಮಾಡಿದ್ರೆ ಯುಯುಐಡಿ ಬದಲಾಗುತ್ತೆ. ಲಿನಕ್ಸ್ ಪಾಪ ಹಳೇ ನಂಬರ್ ಹಿಡ್ಕೊಂಡು 90 ಸೆಕೆಂಡ್ ಕಾದು, ಸಿಗಲಿಲ್ಲ ಅಂತ ನಿಂತುಬಿಡ್ತಿತ್ತು. ಪೆನ್‌ಡ್ರೈವ್‌ನಿಂದ ಲೈವ್ ಉಬುಂಟು ಹಾಕಿ, ಲ್ಯಾಪ್‌ಟಾಪಿನ ಲಿನಕ್ಸ್ ಪಾರ್ಟಿಷನ್ ತೆರೆದು, ಆ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿದ್ವಿ. ರೀಸ್ಟಾರ್ಟ್ ಮಾಡಿದ್ರೆ ಲಾಗಿನ್ ಬಂತು. ಒಂದೇ ಒಂದು ಅಕ್ಷರ! ಒಂದು ಫೈಲೂ ಹೋಗಲಿಲ್ಲ.

ಇದರಿಂದ ನಮಗೆ ನಾಚಿಕೆ ಆಗಿದ್ದು ಯಾಕೆ ಅಂದ್ರೆ, ನಾವು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಆ ಪರದೆಯ ಪ್ರತಿ ಪದವೂ ನಮಗೆ ಗೊತ್ತಿತ್ತು. ಗೊತ್ತಿದೆ ಅನ್ನೋ ಧೈರ್ಯಕ್ಕೇ ನಾವು ಓದಲಿಲ್ಲ, ಕಣ್ಣಾಡಿಸಿ ಬಿಟ್ವಿ. ಅವನಿಗೆ ಇಂಗ್ಲಿಷ್ ಕಷ್ಟ, ಅದಕ್ಕೇ ನಿಧಾನವಾಗಿ ಓದಿದ. ಓದಿದವನಿಗೆ ಅರ್ಥ ಆಯ್ತು.

ಓದೋದು ಅಂದ್ರೆ ಹೇಗೆ? ಊರಿಗೆ ಬರಬೇಕಾದ ಬಸ್ ಬಂದಿಲ್ಲ ಅಂದ್ರೆ ಯಾವ ಸ್ಟಾಪ್ ದಾಟಿದೆ ಅಂತ ಕೇಳ್ತೀವಿ, ಬಸ್ಸನ್ನೇ ಗುಜರಿಗೆ ಹಾಕಿ ಅನ್ನಲ್ಲ. ಲ್ಯಾಪ್‌ಟಾಪ್ ಏಳೋದಕ್ಕೂ ಸ್ಟಾಪ್‌ಗಳಿವೆ. ಮೊದಲು ಯುಇಎಫ್‌ಐ ಎದ್ದು ಬೂಟ್ ಆರ್ಡರ್ ನೋಡುತ್ತೆ. ಅದು ಗ್ರಬ್‌ಗೆ ಕೆಲಸ ಒಪ್ಪಿಸುತ್ತೆ, ಗ್ರಬ್ ಕರ್ನಲ್‌ಗೆ, ಕರ್ನಲ್ ಸಿಸ್ಟಮ್‌ಡಿಗೆ. ಕೊನೆಗೆ ಲಾಗಿನ್ ಪರದೆ. ಗ್ರಬ್ ಮೆನುನೇ ಬರದೆ ವಿಂಡೋಸ್‌ಗೆ ಹೋದ್ರೆ ಮೊದಲ ಸ್ಟಾಪಿನಲ್ಲೇ ತೊಂದರೆ. ಬೂಟ್ ಆರ್ಡರ್ ಇರಬಹುದು, ಅಥವಾ ವಿಂಡೋಸ್ ಯುಇಎಫ್‌ಐನಲ್ಲಿದ್ದು ಲಿನಕ್ಸನ್ನ ಹಳೇ ಲೆಗಸಿ ಮೋಡ್‌ನಲ್ಲಿ ಹಾಕಿರಬಹುದು. ಮೆನು ಬರದೆ 'ಗ್ರಬ್ ರೆಸ್ಕ್ಯೂ' ಅಂತ ನಿಂತ್ರೆ ಗ್ರಬ್ ಎದ್ದಿದೆ, ಅದಕ್ಕೆ ಬೇಕಾದ ಫೈಲುಗಳು ಸಿಕ್ಕಿಲ್ಲ. ಮೆನು ಬಂದು ಆಮೇಲೆ ಕಪ್ಪಾದ್ರೆ ಮೊದಲ ಅನುಮಾನ ಗ್ರಾಫಿಕ್ಸ್ ಮೇಲೆ. ಎಮರ್ಜೆನ್ಸಿ ಮೋಡ್ ಬಂತು ಅಂದ್ರೆ ಕರ್ನಲ್‌ವರೆಗೂ ಎಲ್ಲ ಸರಿ ಇದೆ ಅಂತಾನೇ ಅರ್ಥ. ಯಾವ ಲಾಗ್ ನೋಡಬೇಕು ಅಂತ ಆ ಪರದೆನೇ ಕಮಾಂಡ್ ಸಮೇತ ಹೇಳುತ್ತೆ.

"ಪರೀಕ್ಷೆ ಮುಂದಿದೆ, ಇದೆಲ್ಲ ಓದ್ಕೊಂಡು ಕೂರೋಕೆ ಟೈಮ್ ಎಲ್ಲಿದೆ? ಫಾರ್ಮ್ಯಾಟ್ ಬೇಗ ಆಗುತ್ತೆ" ಅಂತ ಕೆಲವರು ಕೇಳ್ತಾರೆ. ನ್ಯಾಯವಾದ ಪ್ರಶ್ನೆನೇ. ನಿನ್ನೆ ಹಾಕಿದ ಲಿನಕ್ಸ್, ಒಳಗೆ ಏನೂ ಇಲ್ಲ, ಬೇರೆ ಪಾರ್ಟಿಷನ್ ಮುಟ್ಟಲ್ಲ ಅನ್ನೋದು ಖಚಿತ ಅಂದ್ರೆ ಮತ್ತೆ ಹಾಕೋದ್ರಲ್ಲಿ ತಪ್ಪೇನಿಲ್ಲ. ಆದ್ರೆ ಆ ಇಪ್ಪತ್ತು ನಿಮಿಷದ ಲೆಕ್ಕದಲ್ಲಿ ಫೈಲು ಕಳಕೊಂಡವನ ನಷ್ಟ ಸೇರಿಲ್ಲ. ಕಾರಣ ತಿಳಿಯದೆ ಮಾಡಿದ್ರೆ ಅದೇ ತೊಂದರೆ ಮತ್ತೆ ಬರುತ್ತೆ, ಆಗ ಇಪ್ಪತ್ತು ನಿಮಿಷ ನಲವತ್ತಾಗುತ್ತೆ. ನಾಲ್ಕು ವರ್ಷ ಆದಮೇಲೆ ಕೆಲಸಕ್ಕೆ ಸೇರಿ, ಕಂಪನಿಯ ಸರ್ವರ್ ನಿಂತುಹೋದ್ರೆ ಅಲ್ಲೂ ಫಾರ್ಮ್ಯಾಟ್ ಅಂತೀವಾ?

ತಪ್ಪು ಮಾಡೋದೇ ದೊಡ್ಡ ಅಪರಾಧ ಅಂತ ನಾವು ಹೇಳ್ತಿಲ್ಲ. ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ತಾನೊಂದು ಆಪರೇಟಿಂಗ್ ಸಿಸ್ಟಮ್ ಬರೀತಿದ್ದೀನಿ ಅಂತ ಪ್ರಕಟಿಸಿದಾಗ ಹೆಲ್ಸಿಂಕಿಯಲ್ಲಿ ಓದ್ತಿದ್ದ 21 ವರ್ಷದ ಹುಡುಗ. ನಮಗಿಂತ ಎರಡು ವರ್ಷ ದೊಡ್ಡವರು, ಅಷ್ಟೇ. ಆ ದಿನಗಳಲ್ಲೇ ಒಮ್ಮೆ ಮೋಡೆಮ್‌ಗೆ ಕಳಿಸಬೇಕಿದ್ದ ಡಯಲ್ ಕಮಾಂಡನ್ನ ಅವರು ಹಾರ್ಡ್ ಡಿಸ್ಕ್‌ಗೆ ಕಳಿಸಿ, ತಮ್ಮ ಮಿನಿಕ್ಸ್ ಪಾರ್ಟಿಷನ್ನನ್ನೇ ಹಾಳು ಮಾಡಿಕೊಂಡಿದ್ರು. ಲಿನಕ್ಸ್ ಬರೆದವರಿಗೇ ಹಾಗಾಗಿದೆ ಅಂದ್ರೆ ನಮ್ಮದೇನು ಮಹಾ. ಆದ್ರೆ ಅವರಿಗೆ ತಾನೇನು ತಪ್ಪು ಮಾಡಿದೆ ಅಂತ ಗೊತ್ತಿತ್ತು. ನಮಗೆ ಅದೂ ಗೊತ್ತಿರಲ್ಲ.

ಹಾಗಾಗಿ ಎರಡು ಬೇಡಿಕೆ. ಮೊದಲನೇದು ವರ್ಕ್‌ಶಾಪ್ ಮಾಡೋ ಎಲ್ಲ ಕ್ಲಬ್ಬುಗಳಿಗೆ: ಇನ್‌ಸ್ಟಾಲ್ ಮಾಡಿದ ಶನಿವಾರದ ಮುಂದಿನ ಶನಿವಾರ ಇನ್ನೊಂದು ಸಲ ಕೂರಿ. ಎಷ್ಟು ಲ್ಯಾಪ್‌ಟಾಪ್‌ಗೆ ಹಾಕಿದ್ವಿ ಅನ್ನೋ ಲೆಕ್ಕದ ಬದಲು, ವಾರದ ಮೇಲೆ ಎಷ್ಟು ಏಳ್ತಿವೆ ಅನ್ನೋ ಲೆಕ್ಕ ಹಾಕಿ. ಹಾಕುವ ಮುಂಚೆ ಬ್ಯಾಕಪ್ ತಗೊಂಡಿದ್ದಾರಾ, ಬಿಟ್‌ಲಾಕರ್ ಇದ್ರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಂಡಿದ್ದಾರಾ ಅಂತ ಕೇಳಿ. ಬಯೋಸ್ ಸೆಟಿಂಗ್ ಮುಟ್ಟಿದ ಮೇಲೆ ವಿಂಡೋಸ್ ಆ ಕೀ ಕೇಳಬಹುದು, ಆಗ ಹುಡುಕಿ ಪ್ರಯೋಜನ ಇಲ್ಲ.

ಎರಡನೇದು ನಮಗೇ, ಅಂದ್ರೆ ಕನ್ನಡ ಸಂಘಕ್ಕೆ. ಕರ್ನಲ್ ಮಾತಾಡೋದು ಇಂಗ್ಲಿಷಿನಲ್ಲಿ, ಅದನ್ನ ನಾವು ಬದಲಾಯಿಸೋಕೆ ಆಗಲ್ಲ. ಆದ್ರೆ ಯಾವ ಸಾಲಿಗೆ ಏನು ಅರ್ಥ, ಏನು ಮಾಡಬೇಕು ಅಂತ ಕನ್ನಡದಲ್ಲಿ ಬರೆದಿಡಬಹುದು. ರಾಜ್ಯೋತ್ಸವಕ್ಕೆ ಬಾವುಟ ಹಾರಿಸೋದರ ಜೊತೆಗೆ ಇದೂ ಕನ್ನಡದ ಕೆಲಸವೇ. ಪಕ್ಕದ ರೂಮಿನ ಗೆಳೆಯ ಮೊದಲ ಮೂರು ಪುಟ ಬರೆದುಕೊಟ್ಟಿದ್ದಾನೆ, ನಾವು ಕೂತು ಟೈಪ್ ಮಾಡ್ತಿದ್ದೀವಿ. ಅವನು ಬರೆದಿರೋ ಕನ್ನಡ ನಮ್ಮದಕ್ಕಿಂತ ಎಷ್ಟೋ ಚೆನ್ನಾಗಿದೆ.

ನಿಮ್ಮ ಲ್ಯಾಪ್‌ಟಾಪ್ ಏಳದೇ ಇದ್ರೆ ಮೊದಲು ಪರದೆಯ ಫೋಟೋ ತೆಗೀರಿ. ಆಮೇಲೆ ಲೈವ್ ಪೆನ್‌ಡ್ರೈವ್ ಹಾಕಿ ಫೈಲುಗಳನ್ನ ಬೇರೆ ಕಡೆ ಕಾಪಿ ಮಾಡ್ಕೊಳ್ಳಿ. ಆಮೇಲೆ ಆ ಫೋಟೋ ಹಿಡ್ಕೊಂಡು ನಮ್ಮ ರೂಮಿಗೆ ಬನ್ನಿ. ಎಲ್ಲ ಸರಿ ಮಾಡ್ತೀವಿ ಅಂತ ಮಾತು ಕೊಡೋಕಾಗಲ್ಲ, ಆದ್ರೆ ಒಟ್ಟಿಗೆ ಕೂತು ಓದ್ತೀವಿ.